ಗಾಯಾಳುವಿನ ಕಡತ ಯಾರಿಗೆ ಸೇರಿದ್ದು?



ನಮ್ಮ ಬಹುಪಾಲು ಮನೆಗಳ ಬೀರುವಿನಲ್ಲಿ ಒಂದು ಪ್ಲಾಸ್ಟಿಕ್ ಚೀಲವಿರುತ್ತದೆ. ಅದರೊಳಗೆ ಎಕ್ಸ್-ರೇ ಹಾಳೆಗಳು, ರಕ್ತಪರೀಕ್ಷೆಯ ವರದಿಗಳು, ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಟ್ಟ ಸಾರಾಂಶಪತ್ರ, ಮಡಿಕೆ ಬಿದ್ದು ಹರಿಯತೊಡಗಿದ ಔಷಧಿ ಚೀಟಿಗಳು. ಮನೆಯವರಿಗೆ ಅದರ ನೆನಪಾಗುವುದು ಮತ್ತೊಮ್ಮೆ ಕಾಯಿಲೆ ಬಿದ್ದಾಗ ಮಾತ್ರ. ಆದರೆ ಕಟ್ಟಡದ ಸಾರುವೆಯಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡವನಿಗೆ, ಯಂತ್ರದ ಬಾಯಿಗೆ ಬೆರಳು ಸಿಕ್ಕಿಸಿಕೊಂಡ ಹೆಣ್ಣುಮಗಳಿಗೆ ಆ ಚೀಲವೇ ಮುಂದಿನ ಬದುಕಿನ ಆಧಾರ. ಅದರಲ್ಲಿ ಸರಿಯಾದ ಒಂದು ಹಾಳೆ ಇದ್ದರೆ ಮಕ್ಕಳ ಓದು ಮುಂದುವರಿದೀತು. ಇಲ್ಲದಿದ್ದರೆ ಆ ಮನೆಯ ದಾರಿ ಬೇರೆಯಾದೀತು.

ಈ ಸಲ ಆ ಚೀಲದ ವಿಷಯವನ್ನೇ ನಿಮ್ಮೊಂದಿಗೆ ಆಲೋಚಿಸಬಯಸುತ್ತೇನೆ. ನನ್ನ ಮುಂದಿರುವ ಪ್ರಶ್ನೆಗಳು ಎರಡು. ದುಡಿಯುವಾಗ ಗಾಯಗೊಂಡವನ ವೈದ್ಯಕೀಯ ದಾಖಲೆ ಅವನ ಕೈಗೆ ಸೇರುತ್ತದೆಯೇ? ಪರಿಹಾರ ಕೊಡಬೇಕಾದ ಮಾಲೀಕನಾಗಲಿ ವಿಮಾ ಕಂಪನಿಯಾಗಲಿ ಆ ದಾಖಲೆಯಲ್ಲಿ ಎಷ್ಟನ್ನು ನೋಡಬಹುದು? ಮೊದಲನೆಯದು ಬಡವನ ಕೈಗೆ ಕಾಗದ ಸಿಗದಿರುವ ಕಷ್ಟ. ಎರಡನೆಯದು ಅವನ ಕಾಗದವೆಲ್ಲ ಪರರ ಕೈಗೆ ಸಿಕ್ಕಿಬಿಡುವ ಕಷ್ಟ. ಎರಡರ ಬೇರೂ ಒಂದೇ. ಒಬ್ಬನ ದೇಹದ ಕುರಿತಾದ ತಿಳಿವಿನ ಮೇಲೆ ಮೊದಲ ಹಕ್ಕು ಯಾರದು ಎಂಬುದೇ ಆ ಬೇರು.

ಲೆಕ್ಕಕ್ಕೆ ಸಿಗುವ ಗಾಯ

ಪರಿಹಾರದ ಕಾನೂನು ನಮ್ಮ ದೇಶಕ್ಕೆ ಹೊಸದಲ್ಲ. 1923ರಲ್ಲಿ ರೂಪುಗೊಂಡ ಕಾರ್ಮಿಕರ ಪರಿಹಾರ ಕಾಯ್ದೆ 1924ರ ಜುಲೈ 1ರಂದು ಜಾರಿಗೆ ಬಂತು. ನೂರು ವರ್ಷ ನಡೆದ ಆ ಕಾಯ್ದೆಯ ಸ್ಥಾನಕ್ಕೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ತಿರುಳು ಮಾತ್ರ ಹಳೆಯದೇ: ಕೆಲಸದ ಕಾರಣದಿಂದ, ಕೆಲಸದ ಅವಧಿಯಲ್ಲಿ ಆದ ಗಾಯಕ್ಕೆ ಕೆಲಸ ಕೊಟ್ಟವನು ಹೊಣೆ. ಇ.ಎಸ್.ಐ. ವ್ಯಾಪ್ತಿಯಲ್ಲಿರುವವರಿಗೆ ಆ ಹೊಣೆಯನ್ನು ನಿಗಮವೇ ಹೊರುತ್ತದೆ.

ಗಾಯವನ್ನು ಹಣವಾಗಿ ಪರಿವರ್ತಿಸಲು ಕಾನೂನಿಗೆ ಒಂದು ಪಟ್ಟಿ ಇದೆ. ಅದರ ಪ್ರಕಾರ ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ಶೇಕಡಾ 30 ನಷ್ಟ. ಒಂದು ಕೈಯ ನಾಲ್ಕು ಬೆರಳು ಹೋದರೆ ಶೇಕಡಾ 50. ಹಸ್ತವೇ ಹೋದರೆ ಶೇಕಡಾ 60. ಓದುವಾಗ ಮನಸ್ಸು ಮುದುಡುತ್ತದೆ. ದೇವರು ಕೊಟ್ಟ ಬೆರಳಿಗೆ ಬೆಲೆ ಕಟ್ಟುವುದು ಹೇಗೆ? ಆದರೂ ಈ ಲೆಕ್ಕವಿಲ್ಲದಿದ್ದ ಕಾಲದಲ್ಲಿ ಕಾರ್ಮಿಕನಿಗೆ ಸಿಗುತ್ತಿದ್ದುದು ಮಾಲೀಕನು ಮನಸ್ಸು ಬಂದಷ್ಟು ಕೊಡುವ ದಾನ. ಆ ದೃಷ್ಟಿಯಿಂದ ಪಟ್ಟಿಯೂ ಒಂದು ಬಗೆಯ ಗೌರವವೇ. ಪಟ್ಟಿಯಲ್ಲಿಲ್ಲದ ಗಾಯಗಳೂ ಅನೇಕ. ಬೆನ್ನಿನ ಪೆಟ್ಟು, ತಲೆಯ ಪೆಟ್ಟು ಮುಂತಾದವುಗಳಿಂದ ದುಡಿಮೆ ಎಷ್ಟು ಕುಗ್ಗಿತೆಂಬುದನ್ನು ಅರ್ಹ ವೈದ್ಯರು ಅಳೆದು ಹೇಳಬೇಕು. ಹಾಗೆ ಹೇಳಲು ಅವರಿಗೆ ಮೊದಲ ದಿನದಿಂದ ನಡೆದ ಚಿಕಿತ್ಸೆಯ ದಾಖಲೆ ಬೇಕು.

1975ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಒಂದು ಮೊಕದ್ದಮೆಯನ್ನು ಕಾನೂನು ಓದಿದವರೆಲ್ಲ ಬಲ್ಲರು. ಚಿತ್ರಮಂದಿರವೊಂದರ ಅಲಂಕಾರದ ಕೆಲಸದಲ್ಲಿದ್ದ ಬಡಗಿಯೊಬ್ಬ ಕೆಳಗೆ ಬಿದ್ದು ಎಡಗೈಯನ್ನು ಮೊಣಕೈಗಿಂತ ಮೇಲಕ್ಕೆ ಕಳೆದುಕೊಂಡಿದ್ದ. ಹೋದದ್ದು ಒಂದು ಕೈ ಮಾತ್ರ, ಆದ್ದರಿಂದ ಪೂರ್ಣ ನಷ್ಟವೆನ್ನಲಾಗದು ಎಂಬುದು ಮಾಲೀಕನ ವಾದ. ಒಂದೇ ಕೈಯಿಂದ ಬಡಗಿತನ ನಡೆಯದು, ಆದ್ದರಿಂದ ಬಡಗಿಯಾಗಿ ಅವನ ನಷ್ಟ ಪೂರ್ಣವೇ ಎಂದು ಕೋರ್ಟ್ ಒಪ್ಪಿತು. ಗಾಯವನ್ನು ಅಳೆಯುವಾಗ ಆ ಕೈ ಏನು ಮಾಡುತ್ತಿತ್ತೆಂಬುದನ್ನೂ ನೋಡಬೇಕೆಂಬ ಈ ವಿವೇಕ ದೊಡ್ಡದು. ಆದರೆ ಅಂತಹ ವಿವೇಕಕ್ಕೆ ಅವಕಾಶ ದೊರೆಯುವುದು ಗಾಯದ ಸತ್ಯ ಕಾಗದದ ಮೇಲೆ ಇದ್ದಾಗ ಮಾತ್ರ.

ಬಿಲ್ಲು ಕಟ್ಟಿದವನ ಕೈಗೆ ಕಡತ

ಗಾಯಾಳುವನ್ನು ಆಸ್ಪತ್ರೆಗೆ ತಂದು ಸೇರಿಸುವವನು ಅನೇಕ ವೇಳೆ ಮೇಸ್ತ್ರಿ ಅಥವಾ ಗುತ್ತಿಗೆದಾರ. ಮುಂಗಡ ಕಟ್ಟುವವನೂ ಅವನೇ, ಕೊನೆಯ ಬಿಲ್ಲು ತೀರಿಸುವವನೂ ಅವನೇ. ಬಿಡುಗಡೆಯ ದಿನ ಆಸ್ಪತ್ರೆಯ ಗುಮಾಸ್ತರು ಕಾಗದಪತ್ರಗಳನ್ನೆಲ್ಲ ಯಾರ ಕೈಗೆ ಕೊಡುತ್ತಾರೆ? ಎದುರಿಗೆ ನಿಂತು ಹಣ ಎಣಿಸಿಕೊಟ್ಟವನ ಕೈಗೆ. ಯಾರಿಗೂ ಕೆಟ್ಟ ಉದ್ದೇಶವಿಲ್ಲದಿರಬಹುದು. ಆದರೆ ಎರಡು ತಿಂಗಳ ನಂತರ ಪರಿಹಾರದ ಮಾತು ಬಂದಾಗ, ಗಾಯ ಒಬ್ಬನ ಮೈಮೇಲೆ, ಅದರ ಪುರಾವೆ ಮತ್ತೊಬ್ಬನ ಮೇಜಿನ ಖಾನೆಯಲ್ಲಿ ಎಂಬಂತಾಗಿರುತ್ತದೆ.

ಈ ವಿಷಯದಲ್ಲಿ ನಿಯಮ ಸ್ಪಷ್ಟವಿದೆ. ವೈದ್ಯರ ವೃತ್ತಿನಡತೆಯ ಕುರಿತಾದ 2002ರ ನಿಯಮಾವಳಿಯ ಪ್ರಕಾರ, ರೋಗಿಯಾಗಲಿ ಅವನು ಅಧಿಕಾರ ಕೊಟ್ಟ ವ್ಯಕ್ತಿಯಾಗಲಿ ದಾಖಲೆ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಅದಕ್ಕೂ ಮೊದಲೇ, 1996ರಲ್ಲಿ, ಬೊಂಬಾಯಿ ಹೈಕೋರ್ಟ್ ರೋಗಿಗೆ ತನ್ನ ಚಿಕಿತ್ಸೆಯ ಕಾಗದಗಳ ಪ್ರತಿಯನ್ನು ನಿರಾಕರಿಸುವಂತಿಲ್ಲ ಎಂದು ಹೇಳಿತ್ತು. ಇಲ್ಲಿ ಹೇಳಿರುವುದು ರೋಗಿಯ ಹೆಸರು. ಹಣ ಕಟ್ಟಿದವನ ಹೆಸರಲ್ಲ.

ಹಾಗಾದರೆ ಹಣ ಕಟ್ಟಿದವನಿಗೆ ಯಾವ ಹಕ್ಕೂ ಇಲ್ಲವೇ? ರಸೀದಿಯ ಮೇಲೆ ಖಂಡಿತ ಇದೆ. ಅದಕ್ಕಿಂತ ಮುಂದೆ ಹೋಗುವ ಮೊದಲು, ಆ ಹಣ ದಯೆಯಿಂದ ಕೊಟ್ಟದ್ದೋ ಹೊಣೆಯಿಂದ ಕೊಟ್ಟದ್ದೋ ಎಂದು ಕೇಳಬೇಕು. ಕೆಲಸದಲ್ಲಾದ ಗಾಯಕ್ಕೆ ತಗುಲಿದ ಚಿಕಿತ್ಸಾ ವೆಚ್ಚವನ್ನು ಕಾರ್ಮಿಕನಿಗೆ ಕೊಡತಕ್ಕದ್ದೆಂದು 2009ರ ತಿದ್ದುಪಡಿಯೇ ಹೇಳಿತ್ತು. ದಯೆಯಿಂದಲೇ ಕೊಟ್ಟನೆನ್ನೋಣ; ಆಗಲೂ ನಮ್ಮ ಮುಂದೆ ಒಂದು ಮಾದರಿ ಇದೆ. ಸಂತ ಲೂಕರ ಶುಭಸಂದೇಶದ ಸಮಾರಿಯದವನು ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಟ್ಟ. ಹೆಚ್ಚು ಖರ್ಚಾದರೆ ಮರಳಿ ಬರುವಾಗ ತೀರಿಸುವೆನೆಂದ. ತನ್ನ ದಾರಿ ಹಿಡಿದ. ಆ ಗಾಯಾಳು ಯಾರು, ಅವನ ಹಿಂದಿನ ಬದುಕೇನು ಎಂದು ವಿಚಾರಿಸಿದ ಸುದ್ದಿ ಅಲ್ಲಿಲ್ಲ.

ಮೊದಲ ಸಾಲು

ದಾಖಲೆ ಕೈಗೆ ಸಿಕ್ಕರೂ ಅದರಲ್ಲಿ ಬರೆದಿರುವುದು ಸತ್ಯವಾಗಿರಬೇಕು. ಆಸ್ಪತ್ರೆಯ ಕಡತದ ಮೊದಲ ಪುಟದಲ್ಲಿ, ಗಾಯ ಹೇಗಾಯಿತೆಂದು ವಿವರಿಸುವ ಒಂದೆರಡು ಸಾಲುಗಳಿರುತ್ತವೆ. ಗಾಯಾಳು ಪ್ರಜ್ಞೆಯಲ್ಲಿಲ್ಲದಿದ್ದರೆ ಅಥವಾ ನೋವಿನಿಂದ ಮಾತಾಡಲಾರದಿದ್ದರೆ, ಆ ವಿವರ ಹೇಳುವವನು ಜೊತೆಯಲ್ಲಿ ಬಂದವನು. ಪೊಲೀಸ್ ಕೇಸಿನ ಭಯದಿಂದಲೋ ಪರಿಹಾರದ ಭಯದಿಂದಲೋ ಅವನು “ಮನೆಯಲ್ಲಿ ಜಾರಿ ಬಿದ್ದ” ಎಂದು ಹೇಳಿದರೆ, ಕರ್ತವ್ಯದಲ್ಲಿರುವ ವೈದ್ಯರು ಅದನ್ನೇ ಬರೆದುಕೊಳ್ಳುತ್ತಾರೆ. ಮೂರು ಪದಗಳ ಆ ಸುಳ್ಳು ಮುಂದೆ ಯಾವ ವಕೀಲನ ವಾದಕ್ಕಿಂತಲೂ ಬಲಶಾಲಿಯಾಗುತ್ತದೆ. ಗಾಯ ನಿಜ, ಎಕ್ಸ್-ರೇ ನಿಜ, ಶಸ್ತ್ರಚಿಕಿತ್ಸೆ ನಿಜ. ಆದರೆ ಅದು ಕೆಲಸದಲ್ಲಿ ಆದದ್ದಲ್ಲವೆಂದು ಆಸ್ಪತ್ರೆಯ ಕಡತವೇ ಸಾಕ್ಷಿ ನುಡಿಯುತ್ತದೆ.

1700ರಲ್ಲಿ ಇಟಲಿಯ ಮೊದೆನಾದ ವೈದ್ಯ ಬರ್ನಾರ್ದಿನೊ ರಮಾಜ್ಜೀನಿ ದುಡಿಯುವವರ ಕಾಯಿಲೆಗಳನ್ನು ಕುರಿತು ಒಂದು ಗ್ರಂಥ ಪ್ರಕಟಿಸಿದರು. ಪ್ರಾಚೀನ ಗ್ರೀಕ್ ವೈದ್ಯ ಹಿಪ್ಪೊಕ್ರೆಟಿಸ್ ರೋಗಿಯನ್ನು ಕೇಳಬೇಕೆಂದ ಪ್ರಶ್ನೆಗಳಿಗೆ ಇನ್ನೊಂದನ್ನು ಸೇರಿಸಬೇಕೆಂದು ಅವರು ವೈದ್ಯರಿಗೆ ಸಲಹೆ ಕೊಟ್ಟರು: ನೀನು ಮಾಡುವ ಕೆಲಸ ಯಾವುದು? ಮುನ್ನೂರು ವರ್ಷ ಕಳೆದರೂ ಇಕ್ಕಟ್ಟಾದ ಹೊರರೋಗಿ ವಿಭಾಗದಲ್ಲಿ ಆ ಪ್ರಶ್ನೆಗೆ ಸಮಯ ಸಿಗುವುದು ಕಷ್ಟ. ನಮ್ಮ ಧರ್ಮಕೇಂದ್ರಗಳ ಎಷ್ಟೋ ಮನೆಗಳಲ್ಲಿ ದಾದಿಯರಿದ್ದಾರೆ, ಆಸ್ಪತ್ರೆಯ ಕಚೇರಿಗಳಲ್ಲಿ ದುಡಿಯುವವರಿದ್ದಾರೆ. ಗಾಯಾಳುವಿಗೆ ಪ್ರಜ್ಞೆ ಮರಳಿದ ಮೇಲೆ ಹಾಸಿಗೆಯ ಬಳಿ ನಿಂತು “ಏನಾಯಿತಪ್ಪಾ, ಎಲ್ಲಿ ಬಿದ್ದೆ?” ಎಂದು ಒಂದು ಮಾತು ಕೇಳಿ, ಅವನ ಉತ್ತರವನ್ನು ವೈದ್ಯರ ಗಮನಕ್ಕೆ ತಂದು ಬರೆಸಿದರೆ, ಒಂದು ಸಂಸಾರದ ಅನ್ನ ಉಳಿದೀತು.

ಚಿಕಿತ್ಸೆ ನೀಡಿದ ವೈದ್ಯರ ಸಾಕ್ಷ್ಯ ಎಷ್ಟು ಮುಖ್ಯವೆಂಬುದನ್ನು 2010ರಲ್ಲಿ ಸುಪ್ರೀಂ ಕೋರ್ಟಿನ ಪೀಠವೊಂದು ವಿವರಿಸಿದೆ. ತೀರ್ಪು ಬರೆದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಹಿಂದೆ ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದವರು. ಅದು ರಸ್ತೆ ಅಪಘಾತದ ಪ್ರಕರಣವಾದರೂ ಅಲ್ಲಿನ ಮಾತು ಇಲ್ಲಿಗೂ ಸಲ್ಲುತ್ತದೆ. ಚಿಕಿತ್ಸೆ ಮಾಡಿದ ವೈದ್ಯರು ನ್ಯಾಯಾಲಯಕ್ಕೆ ಬರಲು ಹಿಂಜರಿದರೆ, ಗಾಯಾಳು ಕೇಳಿದಷ್ಟು ಶೇಕಡಾ ಬರೆದುಕೊಡುವವರನ್ನು ಹುಡುಕಿಕೊಂಡು ಹೋಗುವಂತಾಗುತ್ತದೆ. ಸತ್ಯ ಬಲ್ಲವರು ಮೌನವಾಗಿದ್ದಾಗ ಉತ್ಪ್ರೇಕ್ಷೆಗೆ ಬೆಲೆ ಬರುತ್ತದೆ.

ನಲವತ್ತು ವರ್ಷದ ನೆನಪು

ಎಲ್ಲ ಗಾಯವೂ ರಕ್ತ ಸುರಿಸುವುದಿಲ್ಲ. ಕಲ್ಲಿನ ದೂಳು, ಕಲ್ನಾರಿನ ಎಳೆ ಶ್ವಾಸಕೋಶದಲ್ಲಿ ಕುಳಿತು ಕಾಯಿಲೆಯಾಗಿ ತೋರಲು ಇಪ್ಪತ್ತು ಮೂವತ್ತು ವರ್ಷಗಳಾಗಬಹುದು. ಅಷ್ಟರಲ್ಲಿ ಕಾರ್ಮಿಕ ನಿವೃತ್ತನಾಗಿರುತ್ತಾನೆ. ಕೆಲವೊಮ್ಮೆ ಕಾರ್ಖಾನೆಯೇ ಇರುವುದಿಲ್ಲ. ಇದನ್ನು ಮನಗಂಡು ಸುಪ್ರೀಂ ಕೋರ್ಟ್ 1995ರ ಜನವರಿ 27ರ ತೀರ್ಪಿನಲ್ಲಿ, ಕಲ್ನಾರು ಉದ್ಯಮಗಳು ಪ್ರತಿಯೊಬ್ಬ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ನಂತರ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕೆಂದು ಆದೇಶಿಸಿತು. ಆರೋಗ್ಯವು ಕಾರ್ಮಿಕನ ಮೂಲಭೂತ ಹಕ್ಕೆಂದೂ ಅದೇ ತೀರ್ಪು ಹೇಳಿತು. ಸಾಮಾನ್ಯ ಒಳರೋಗಿಯ ದಾಖಲೆಯನ್ನು ವೈದ್ಯರು ಕಾಪಾಡಬೇಕಾದ ಅವಧಿ ಕೇವಲ 3 ವರ್ಷವೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಭೋಪಾಲದ ದುರಂತ ನಡೆದದ್ದು 1984ರ ಡಿಸೆಂಬರಿನಲ್ಲಿ. ಅದರ ನಂತರ, 1987ರಲ್ಲಿ, ಕಾರ್ಖಾನೆಗಳ ಕಾಯ್ದೆಗೆ ಹೊಸ ಕಲಮುಗಳನ್ನು ಸೇರಿಸಲಾಯಿತು. ಅಪಾಯಕಾರಿ ಕಾರ್ಖಾನೆಗಳು ಕಾರ್ಮಿಕರ ಆರೋಗ್ಯ ದಾಖಲೆ ಇಡಬೇಕು, ಆ ದಾಖಲೆ ಕಾರ್ಮಿಕರಿಗೆ ನೋಡಲು ಸಿಗಬೇಕು ಎಂಬುದು ಅವುಗಳಲ್ಲೊಂದು. ಸಾವಿರಾರು ಜೀವಗಳು ಹೋದ ಮೇಲೆ ನಾವು ಕಲಿತ ಪಾಠವಿದು.

ನಮ್ಮ ನಾಡಿನ ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಕಲ್ಲುದೂಳಿನ ಕಾಯಿಲೆಯಾದ ಸಿಲಿಕೋಸಿಸ್ ಅಲ್ಲಿನ ಗಣಿಕಾರ್ಮಿಕರಲ್ಲಿ ಕಂಡುಬಂದದ್ದು 1940ರ ದಶಕದಷ್ಟು ಹಿಂದೆ. ಗಣಿ ಮುಚ್ಚಿದ ಮೇಲೂ ದೂಳು ಸೇವಿಸಿದ ಎದೆ ಉಸಿರಾಡುತ್ತಲೇ ಇರುತ್ತದೆ. ಒಂದು ಸಂಸ್ಥೆ ಬಾಗಿಲು ಹಾಕುವಾಗ ಯಂತ್ರಗಳ ಪಟ್ಟಿ ಮಾಡುತ್ತದೆ, ಜಮೀನಿನ ಪಟ್ಟಿ ಮಾಡುತ್ತದೆ. ದುಡಿದವರ ಎದೆಯ ಎಕ್ಸ್-ರೇಗಳನ್ನು ಯಾರಿಗೆ ಒಪ್ಪಿಸಬೇಕೆಂದು ಕೇಳುವವರು ಯಾರು? ಆ ಕಾಗದದ ಒಂದು ಪ್ರತಿ ಮೊದಲಿನಿಂದಲೂ ಕಾರ್ಮಿಕನ ಮನೆಯಲ್ಲೇ ಇದ್ದಿದ್ದರೆ ಈ ಪ್ರಶ್ನೆಗೆ ಅಷ್ಟು ಭಾರವಿರುತ್ತಿರಲಿಲ್ಲ. ಈಗ ಜಾರಿಗೆ ಬಂದಿರುವ ಕಾರ್ಮಿಕ ಸಂಹಿತೆಗಳ ಅಡಿಯಲ್ಲಿ 40 ವರ್ಷ ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ನಡೆಯಬೇಕು. ಸಂತೋಷದ ವಿಷಯ. ತಪಾಸಣೆಯ ವರದಿ ಕಂಪನಿಯ ಕಪಾಟಿಗೆ ಮಾತ್ರ ಹೋಗುತ್ತದೆಯೋ ಕಾರ್ಮಿಕನ ಮನೆಗೂ ಬರುತ್ತದೆಯೋ ಎಂಬುದನ್ನು ನಾವು ಕೇಳುತ್ತಿರಬೇಕು.

ಎಷ್ಟು ನೋಡಬಹುದು?

ಇನ್ನು ಎರಡನೆಯ ಪ್ರಶ್ನೆ. ಇಲ್ಲಿ ಮಾಲೀಕನ ಪಕ್ಷದಲ್ಲೂ ನ್ಯಾಯವಿದೆಯೆಂದು ಒಪ್ಪಿಕೊಳ್ಳೋಣ. ಪರಿಹಾರ ಕೊಡುವವನಿಗೆ ತಾನು ಯಾವ ಗಾಯಕ್ಕಾಗಿ ಕೊಡುತ್ತಿದ್ದೇನೆಂದು ತಿಳಿಯುವ ಹಕ್ಕಿದೆ. ಇಲ್ಲದ ಗಾಯವನ್ನು ತೋರಿಸುವವರೂ ಹಳೆಯ ನೋವಿಗೆ ಹೊಸ ಹೆಸರಿಡುವವರೂ ಇದ್ದಾರೆ. ಹಾಗೆ ಮಾಡುವುದು ಕಳ್ಳತನವೇ. ನಿಜವಾದ ಗಾಯಾಳುಗಳ ಮೇಲೆ ಸಂಶಯ ಮೂಡಲು ಅದೂ ಕಾರಣ. ಆದುದರಿಂದಲೇ ಅಪಘಾತದ ಸೂಚನೆ ಬಂದ ಮೇಲೆ ಮಾಲೀಕನು ತನ್ನ ಖರ್ಚಿನಲ್ಲಿ ವೈದ್ಯರಿಂದ ಕಾರ್ಮಿಕನ ಪರೀಕ್ಷೆ ಮಾಡಿಸಲು 1923ರ ಕಾಯ್ದೆ ಅವಕಾಶ ಕೊಟ್ಟಿತ್ತು. ಹೊಸ ಸಂಹಿತೆಯೂ ಕೊಡುತ್ತದೆ. ಪರೀಕ್ಷೆಗೆ ಒಪ್ಪದಿದ್ದರೆ ಪರಿಹಾರದ ಹಕ್ಕು ಅಷ್ಟು ಕಾಲ ತಡೆಹಿಡಿಯಲ್ಪಡುತ್ತದೆ.

ಆದರೆ ಗಾಯವನ್ನು ಪರೀಕ್ಷಿಸುವುದು ಬೇರೆ, ಹುಟ್ಟಿದಂದಿನಿಂದ ಇರುವ ಕಡತವನ್ನೆಲ್ಲ ತರಿಸಿ ತಿರುವಿಹಾಕುವುದು ಬೇರೆ. ಒಬ್ಬ ಹೆಣ್ಣುಮಗಳ ಬೆರಳು ಯಂತ್ರಕ್ಕೆ ಸಿಕ್ಕಿತೆನ್ನಿ. ಅದೇ ಆಸ್ಪತ್ರೆಯ ಕಡತದಲ್ಲಿ ಅವಳಿಗೆ ಐದು ವರ್ಷದ ಹಿಂದೆ ಆದ ಗರ್ಭಪಾತ, ಒಮ್ಮೆ ಕಾಡಿದ ಖಿನ್ನತೆ, ಗಂಡನಿಂದ ತಿಂದ ಏಟು ಇವೆಲ್ಲ ದಾಖಲಾಗಿರಬಹುದು. ಬೆರಳಿಗೂ ಇವಕ್ಕೂ ಯಾವ ಸಂಬಂಧ? “ಪ್ರಾಮಾಣಿಕಳಾಗಿದ್ದರೆ ಮುಚ್ಚಿಡುವುದೇನಿದೆ?” ಎಂದು ಕೇಳುವವರಿದ್ದಾರೆ. ಆ ಮಾತು ಕೇಳಲು ನೇರವಾಗಿದೆ. ಆದರೆ ಅದನ್ನು ಹೇಳುವವನು ತನ್ನ ಕಡತವನ್ನು ತನ್ನ ಕೂಲಿಯಾಳಿನ ಮುಂದೆ ಬಿಚ್ಚಿಡಲು ಸಿದ್ಧನಿದ್ದಾನೆಯೇ? ವೈದ್ಯರ ಮುಂದೆ ನಾವು ಬಾಯಿ ಬಿಡುವುದು ಗುಣವಾಗಲೆಂದು. ಆ ಮಾತುಗಳು ಮುಂದೊಂದು ದಿನ ನಮಗೇ ತಿರುಗುಬಾಣವಾಗುವವೆಂದು ತಿಳಿದರೆ, ಬಡವರು ವೈದ್ಯರಿಗೂ ಸತ್ಯ ಹೇಳುವುದನ್ನು ಬಿಟ್ಟಾರು.

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದೇ 2017ರಲ್ಲಿ ಬಂದ ಎಚ್.ಐ.ವಿ. ಕಾಯ್ದೆ, ವ್ಯಕ್ತಿಯ ಒಪ್ಪಿಗೆಯಿಲ್ಲದೆ ಅವನ ಎಚ್.ಐ.ವಿ. ಸ್ಥಿತಿಯನ್ನು ಬಯಲು ಮಾಡುವುದನ್ನು ನಿಷೇಧಿಸುತ್ತದೆ. ಇನ್ನೊಂದೆಡೆ 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಉದ್ಯೋಗದ ಉದ್ದೇಶಕ್ಕೆ ಮತ್ತು ಮಾಲೀಕನನ್ನು ನಷ್ಟದಿಂದ ಕಾಪಾಡುವುದಕ್ಕೆ ನೌಕರನ ಒಪ್ಪಿಗೆಯಿಲ್ಲದೆಯೂ ಮಾಹಿತಿ ಬಳಸಲು ಒಂದು ಬಾಗಿಲನ್ನು ತೆರೆದಿಟ್ಟಿದೆ. ಕಾನೂನು ತೆರೆದ ಬಾಗಿಲಿನಲ್ಲಿ ಎಷ್ಟು ದೂರ ಒಳಗೆ ಹೋಗಬೇಕೆಂಬುದು ಕೊನೆಗೆ ಮನಸ್ಸಾಕ್ಷಿಯ ಪ್ರಶ್ನೆ.

ಒಪ್ಪಿಗೆಯ ಮಾತನ್ನೂ ಸ್ವಲ್ಪ ನೋಡೋಣ. ನೋವಿನಲ್ಲಿ ಮಲಗಿದವನ ಮುಂದೆ ಇಂಗ್ಲಿಷಿನಲ್ಲಿ ಅಚ್ಚಾದ ಕಾಗದ ಹಿಡಿದು ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆಯೇ? ಏನನ್ನು ಕೊಡುತ್ತಿದ್ದೇನೆ, ಯಾರಿಗೆ ಕೊಡುತ್ತಿದ್ದೇನೆ, ಕೊಡದಿದ್ದರೆ ಏನಾಗುತ್ತದೆ ಎಂಬ ಮೂರೂ ತಿಳಿಯದೆ ಒತ್ತಿದ ಹೆಬ್ಬೆಟ್ಟು ಮಸಿಯ ಗುರುತು ಮಾತ್ರ.

ಕಠಿಣವಾದ ಸಂದರ್ಭವೂ ಇದೆ. ಅದನ್ನು ಬಿಟ್ಟುಬಿಟ್ಟರೆ ನಾವು ಪ್ರಾಮಾಣಿಕರಾಗುವುದಿಲ್ಲ. ಮೂಟೆ ಹೊರುವವನೊಬ್ಬನ ಬೆನ್ನಿಗೆ ಪೆಟ್ಟಾಗಿದೆ. ಅವನಿಗೆ ಎರಡು ವರ್ಷದ ಹಿಂದೆಯೂ ಬೆನ್ನುನೋವಿಗೆ ಚಿಕಿತ್ಸೆಯಾಗಿತ್ತು. ಆ ಹಳೆಯ ಕಾಗದ ಈ ಗಾಯಕ್ಕೆ ಸಂಬಂಧಿಸಿದ್ದೇ. ಅದನ್ನು ಅಡಗಿಸುವುದು ನ್ಯಾಯವಲ್ಲ. ಅದನ್ನೇ ನೆಪ ಮಾಡಿ ಇಡೀ ಪರಿಹಾರವನ್ನು ತಳ್ಳಿಹಾಕುವುದೂ ನ್ಯಾಯವಲ್ಲ, ಏಕೆಂದರೆ ಹಳೆಯ ನೋವಿದ್ದವನು ಮತ್ತೆ ಬಿದ್ದರೆ ಆ ಬೀಳುವಿಕೆಯೂ ನಿಜವೇ. ಇಂತಹ ಕಡೆ ಕಡತವನ್ನು ಎದುರು ಪಕ್ಷದ ಕೈಗೆ ಹಾಗೆಯೇ ಕೊಡುವ ಬದಲು, ಪರಿಹಾರ ನಿರ್ಣಯಿಸುವ ಅಧಿಕಾರಿಯ ಮುಂದಿಟ್ಟು, ಈ ಗಾಯಕ್ಕೆ ಸೇರಿದ ಪುಟಗಳನ್ನು ಮಾತ್ರ ಇಬ್ಬರಿಗೂ ತೋರಿಸುವುದು ನನಗೆ ಸರಿಯೆಂದು ತೋರುತ್ತದೆ. ಸತ್ಯಕ್ಕೆ ಬೇಕಾದಷ್ಟು ಬೆಳಕು ಬೀಳಲಿ. ಉಳಿದ ಪುಟಗಳು ಮುಚ್ಚಿರಲಿ.

ನಮ್ಮ ಪಾಲಿನ ಕರ್ತವ್ಯ

ಪೋಪ್ ಎರಡನೇ ಜಾನ್ ಪೌಲರು 1981ರಲ್ಲಿ ಮಾನವ ದುಡಿಮೆಯನ್ನು ಕುರಿತು ಬರೆದ ವಿಶ್ವಪತ್ರದಲ್ಲಿ, ಕೆಲಸದಲ್ಲಿ ಅಪಘಾತಕ್ಕೊಳಗಾದವರಿಗೆ ವೈದ್ಯಕೀಯ ನೆರವು ಸುಲಭವಾಗಿ, ಸಾಧ್ಯವಾದಷ್ಟು ಕಡಿಮೆ ಖರ್ಚಿನಲ್ಲಿ ಅಥವಾ ಉಚಿತವಾಗಿ ದೊರೆಯಬೇಕೆಂದು ಹೇಳಿದ್ದಾರೆ. ದಾಖಲೆಯೂ ಆ ನೆರವಿನ ಒಂದು ಅಂಗವೆಂದು ನಾನು ತಿಳಿಯುತ್ತೇನೆ. ಗಾಯಕ್ಕೆ ಹೊಲಿಗೆ ಹಾಕಿ, ಗಾಯದ ಕಾಗದವನ್ನು ಕೊಡದಿದ್ದರೆ ಅರ್ಧ ಚಿಕಿತ್ಸೆ ಮಾಡಿದಂತೆ.

ಇದೆಲ್ಲ ವಕೀಲರ, ವೈದ್ಯರ ವಿಷಯವೆಂದು ನೀವು ಪುಟ ತಿರುವದಿರಿ. ನಮ್ಮಲ್ಲಿ ಅನೇಕರು ಯಾವುದೋ ಒಂದು ದಿನ ಕೆಲಸ ಕೊಡುವವರಾಗುತ್ತೇವೆ. ಮನೆ ಕಟ್ಟಿಸುತ್ತೇವೆ, ತೋಟದಲ್ಲಿ ಮರ ಕಡಿಸುತ್ತೇವೆ, ಬಾವಿ ತೋಡಿಸುತ್ತೇವೆ. ನಮ್ಮ ಅಂಗಳದಲ್ಲಿ ಒಬ್ಬನು ಬಿದ್ದರೆ, ಕಾನೂನಿನ ಹೊಣೆ ಗುತ್ತಿಗೆದಾರನ ಮೇಲಿರಲಿ ನಮ್ಮ ಮೇಲಿರಲಿ, ಆಸ್ಪತ್ರೆಯಲ್ಲಿ ಆ ಮೊದಲ ಸಾಲನ್ನು ಸತ್ಯವಾಗಿ ಬರೆಸುವ ಹೊಣೆ ನಮ್ಮದೇ. ಬಿಡುಗಡೆಯ ದಿನ ಕಾಗದಗಳನ್ನೆಲ್ಲ ಅವನ ಕೈಗೆ ಅಥವಾ ಅವನ ಹೆಂಡತಿಯ ಕೈಗೆ ಕೊಡಿಸೋಣ. ನಮಗೆ ಪ್ರತಿ ಬೇಕಿದ್ದರೆ ಅವರ ಒಪ್ಪಿಗೆ ಪಡೆದು ನೆರಳಚ್ಚು ಮಾಡಿಸಿಕೊಳ್ಳೋಣ.

ನಿಮ್ಮ ಮನೆಯಲ್ಲಿ ಓದಿದ ಮಕ್ಕಳಿದ್ದರೆ ಅವರಿಗೊಂದು ಕೆಲಸ ಹೇಳಿ. ನೆರೆಯ ಕೂಲಿಕಾರರ ಮನೆಗೆ ಹೋಗಿ ಆ ಇಂಗ್ಲಿಷ್ ಸಾರಾಂಶಪತ್ರವನ್ನು ಕನ್ನಡದಲ್ಲಿ ವಿವರಿಸಿ ಹೇಳಲಿ. ದಿನಾಂಕ ಸರಿಯಿದೆಯೇ, ಗಾಯ ಎಲ್ಲಿ ಆಯಿತೆಂದು ಬರೆದಿದೆಯೇ ಎಂದು ನೋಡಲಿ. ಪರಿಹಾರದ ಅರ್ಜಿಯನ್ನು ಅಪಘಾತವಾದ ಎರಡು ವರ್ಷದೊಳಗೆ ಸಲ್ಲಿಸಬೇಕೆಂದು ತಿಳಿಸಲಿ. ಅಲ್ಲಿ ಓದಿದ್ದನ್ನು ಬೀದಿಯಲ್ಲಿ ಮತ್ತೊಬ್ಬರಿಗೆ ಹೇಳದಿರಲಿ; ಗುಟ್ಟು ಕಾಯುವುದೂ ಆ ಸೇವೆಯ ಭಾಗವೇ.

ಕೊನೆಯದಾಗಿ, ಇಂದು ಸಂಜೆ ನಿಮ್ಮ ಬೀರುವಿನ ಆ ಪ್ಲಾಸ್ಟಿಕ್ ಚೀಲವನ್ನು ಒಮ್ಮೆ ಹೊರತೆಗೆದು ನೋಡಿ. ಅದರಲ್ಲಿರುವ ಕಾಗದಗಳಲ್ಲಿ ಯಾವುದನ್ನು ಅಪರಿಚಿತನೊಬ್ಬನಿಗೆ ತೋರಿಸಬಲ್ಲಿರಿ, ಯಾವುದನ್ನು ತೋರಿಸಲಾರಿರಿ ಎಂದು ಬೇರ್ಪಡಿಸಿ ನೋಡಿ. ನಿಮ್ಮ ಮನಸ್ಸು ಎಲ್ಲಿ ಗೆರೆ ಎಳೆಯುತ್ತದೆಯೋ, ಸಾರುವೆಯಿಂದ ಬಿದ್ದ ಆ ಮನುಷ್ಯನ ಮನಸ್ಸೂ ಅಲ್ಲಿಯೇ ಗೆರೆ ಎಳೆಯುತ್ತದೆ.